ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಮುಂದೆ ಸಿಂಡಿಕೇಟ್ ಬ್ಯಾಂಕು ಎಂಬ ಹೆಸರಿನಿಂದ ದೇಶವಿಖ್ಯಾತವಾದ ಉಡುಪಿಯ ಒಂದು ಚಿಕ್ಕ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಮೊತ್ತವನ್ನು ಠೇವಣಿದಾರನ ಮನೆಬಾಗಿಲಿಗೇ ಬಂದು ಸಂಗ್ರಹಿಸುವ ಏರ್ಪಾಡು ಮಾಡಿದಾಗ, ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುತ್ತಿದ್ದ ನೇಕಾರನೂ ಚಿಲ್ಲರೆ ವ್ಯಾಪಾರಿಯೂ ಉಳಿತಾಯವೆಂಬ ವಿದ್ಯೆಯಲ್ಲಿ ಅಕ್ಷರಾಭ್ಯಾಸ ಮಾಡಿದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ತನ್ನ ಹೆಸರನ್ನು ಕಳೆದುಕೊಂಡಿತಾದರೂ, ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಪಿಗ್ಮಿಯವನು ಬಂದನೆಂದರೆ ಕಿರಾಣಿ ಅಂಗಡಿಯವನ ಕೈ ತಾನಾಗಿ ಗಲ್ಲಾಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಕೂಡುವ ಲೆಕ್ಕವನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾದುದಿಲ್ಲ. ನಮಗೆ ಬಾರದಿರುವುದು ಕಳೆಯುವ ಲೆಕ್ಕ.

ಮೂವತ್ತು ಮೂವತ್ತೈದು ವರ್ಷಗಳ ಕಾಲ ತಿಂಗಳು ತಿಂಗಳೂ ಸಂಬಳದಿಂದ ಮುರಿದುಕೊಂಡ ಪಿಎಫ್, ಅದರ ಜೊತೆಗೆ ಗ್ರಾಚ್ಯುಯಿಟಿ, ಉಳಿದ ರಜೆಯ ನಗದು, ಅವಧಿ ಮುಗಿದ ವಿಮೆ, ಇವೆಲ್ಲವೂ ನಿವೃತ್ತಿಯ ಆಸುಪಾಸಿನಲ್ಲಿ ಇಡಿಗಂಟಾಗಿ ಬಂದು ಕೈಸೇರಿದಾಗ, ಜನ್ಮದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡರಿಯದ ಸದ್ಗೃಹಸ್ಥನು, ಅದು ತನ್ನ ಮುಂದಿನ ಇಪ್ಪತ್ತೈದು ವರ್ಷಗಳ ಅಕ್ಕಿಬೇಳೆಯೆಂಬುದನ್ನು ಮರೆತು, ಅದನ್ನೊಂದು ದೈವಾನುಗ್ರಹದಂತೆ ಭಾವಿಸತೊಡಗುತ್ತಾನೆ. ಅನುಗ್ರಹವೆಂದ ಮೇಲೆ ಹಂಚಬೇಡವೇ? ಮಗಳ ಮದುವೆ, ಮಗನ ಸೈಟು, ತಮ್ಮನ ಹಳೆಯ ಸಾಲ, ಊರಿನ ದೇವಸ್ಥಾನದ ಜೀರ್ಣೋದ್ಧಾರ, ಇವು ಒಂದರ ಹಿಂದೊಂದು ಸರದಿಯಲ್ಲಿ ನಿಂತು ಕಾಯುತ್ತಿರುವುದು ಆಗಲೇ ಅವನ ಗಮನಕ್ಕೆ ಬರುತ್ತದೆ.

ನಮ್ಮ ಬೀದಿಯಲ್ಲಿ ಖಾಸಗಿ ಪ್ರೌಢಶಾಲೆಯೊಂದರಿಂದ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆ. ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು ಬೀರುವನ್ನು ಸೇರುವುದಕ್ಕೆ ಮೊದಲೇ ಅವರ ಮನೆಯ ಮುಂದೆ ಜಲ್ಲಿಯೂ ಇಟ್ಟಿಗೆಯೂ ಬಂದು ಬಿದ್ದವು. ಇದ್ದಬದ್ದ ಮೂವತ್ತು ಲಕ್ಷವನ್ನು ಸುರಿದು ಮಹಡಿ ಕಟ್ಟಿಸಿದರು. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರುವುದೆಂದು ಹಿಗ್ಗಿದರು. ವರ್ಷಕ್ಕೆ 1,44,000 ಎಂದರೆ ಹಾಕಿದ ಹಣಕ್ಕೆ ಶೇ 5ಕ್ಕಿಂತ ಕಡಮೆ. ಅದರಲ್ಲಿಯೇ ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ತಿಂಗಳುಗಳು. ಅದೇ ಮೂವತ್ತು ಲಕ್ಷವನ್ನು ಅಂಚೆಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ, 2023ರಿಂದೀಚೆಗೆ ಅದರ ಗರಿಷ್ಠ ಮಿತಿಯೂ ಮೂವತ್ತು ಲಕ್ಷವೇ ಆಗಿರುವುದರಿಂದ, ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ ಬರುತ್ತಿತ್ತು. ಈ ಮಾತನ್ನು ಹೇಳಿದ್ದಕ್ಕೆ ಮೇಷ್ಟ್ರು ನಕ್ಕು, "ಬಾಡಿಗೆ ಏರುತ್ತದೆ, ನಿಮ್ಮ ಬಡ್ಡಿ ಏರುತ್ತದೆಯೇ ಸ್ವಾಮಿ?" ಎಂದರು. ಆಕ್ಷೇಪ ನ್ಯಾಯವಾದದ್ದೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆಸ್ಪತ್ರೆಯಲ್ಲಿ ಒಮ್ಮೆಗೇ ಎರಡು ಲಕ್ಷ ಕಟ್ಟಬೇಕಾಗಿ ಬಂದಾಗ ಮಹಡಿಯ ಒಂದು ಕೋಣೆಯನ್ನು ಮಾತ್ರ ಮಾರಲು ಬರುವುದಿಲ್ಲವೆಂಬುದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ. ಎರಡನೆಯ ವರ್ಷ ಅಳಿಯನಿಗೆ ಇದೇ ಊರಿಗೆ ವರ್ಗವಾಗಿ ಮಗಳ ಸಂಸಾರ ಮಹಡಿಗೆ ಬಂದಿಳಿಯಿತು. ಮೊಮ್ಮಗನ ಸಹವಾಸದಿಂದ ಮೇಷ್ಟ್ರಿಗಾದ ಸಂತೋಷಕ್ಕೆ ಬೆಲೆ ಕಟ್ಟಲಾರೆ. ಬಾಡಿಗೆಯ ಅಂಕಣ ಮಾತ್ರ ಅಂದಿನಿಂದ ಖಾಲಿ.

ಅವರಿಗೆ ಪಿಂಚಣಿ ಇಲ್ಲವೇ ಎಂದು ಕೇಳಬಹುದು. ಇದೆ, 1995ರ ನೌಕರರ ಪಿಂಚಣಿ ಯೋಜನೆಯದು. ವೇತನವನ್ನು ಸೇವಾವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸುವುದು ಅದರ ಸೂತ್ರ. ಆ ವೇತನಕ್ಕೆ 2014ರಿಂದ 15,000 ರೂಪಾಯಿಯ ಮಿತಿ ಇರುವುದರಿಂದ, ಈ ಮಿತಿಯ ಮೇಲೆಯೇ ಮೂವತ್ತೈದು ವರ್ಷ ದುಡಿದವನಿಗೂ ಸಿಕ್ಕುವುದು 7,500. ಕನಿಷ್ಠ ಪಿಂಚಣಿಯಂತೂ 1,000 ರೂಪಾಯಿ. ತುಟ್ಟಿಭತ್ಯೆಯೆಂಬುದು ಅದಕ್ಕಿಲ್ಲ. ನಮ್ಮ ಮೇಷ್ಟ್ರಿಗೆ ನಾಲ್ಕು ಸಾವಿರವೂ ಪೂರ್ತಿ ಬರುವುದಿಲ್ಲ.

ಇದ್ದುದನ್ನೆಲ್ಲ ಒಮ್ಮೆಗೇ ಸುರಿದ ಮೇಷ್ಟ್ರಿಗೆ ಸಂಪೂರ್ಣ ವಿರುದ್ಧವಾದ ಸ್ವಭಾವ ನನ್ನ ಸೋದರತ್ತೆಯದಾಗಿತ್ತು. ಗಂಡ ಬಿಟ್ಟುಹೋದ ಹಣವನ್ನು ಬ್ಯಾಂಕಿನಲ್ಲಿಟ್ಟು, ರಸೀದಿಗಳನ್ನು ಹಳೆಯ ಲಗ್ನಪತ್ರಿಕೆಗಳ ನಡುವೆ ಭದ್ರಪಡಿಸಿ, ಬಡ್ಡಿಯಿಂದ ಮಾತ್ರ ಜೀವಿಸತಕ್ಕದ್ದು, ಅಸಲನ್ನು ಮುಟ್ಟತಕ್ಕದ್ದಲ್ಲ ಎಂಬ ವ್ರತವನ್ನು ಆಕೆ ಇಪ್ಪತ್ತು ವರ್ಷ ಪಾಲಿಸಿದಳು. ಮೊದಮೊದಲು ಬಡ್ಡಿಯಲ್ಲಿ ಹಾಲು, ಹಣ್ಣು, ಕಾಶೀಯಾತ್ರೆ ಎಲ್ಲವೂ ನಡೆದುವು. ಕೊನೆಕೊನೆಗೆ ಅದೇ ಬಡ್ಡಿಗೆ ಔಷಧಿಯೂ ಸಾಲದಾಯಿತು. ಕಣ್ಣಿನ ಪೊರೆ ತೆಗೆಸುವುದನ್ನು ಎರಡು ವರ್ಷ ಮುಂದೂಡಿದಳು, ಅಸಲು ಒಡೆಯಬೇಕಾಗುತ್ತದೆಂದು! ಆಕೆ ಕಾದಿರಿಸಿದ ಅಸಲು ಕೊನೆಗೆ, ಅದರ ಅಗತ್ಯ ಎಳ್ಳಷ್ಟೂ ಇಲ್ಲದ ಮೂವರು ಗಂಡುಮಕ್ಕಳಿಗೆ ಹಂಚಿಹೋಯಿತು. ಅತ್ತೆಯ ಮಿತವ್ಯಯವನ್ನು ಬಂಧುಗಳು ಇಂದಿಗೂ ಕೊಂಡಾಡುತ್ತಾರೆ. ನನಗೆ ಮಾತ್ರ ಆ ಎರಡು ವರ್ಷ ಆಕೆ ದಿನಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಡವರಿಸುತ್ತಿದ್ದುದೇ ನೆನಪಾಗುತ್ತದೆ.

ಅಸಲು ಮುಟ್ಟದಿದ್ದರೆ ಅಸಲು ಉಳಿಯಿತೆಂಬ ನಂಬಿಕೆಯೇ ಒಂದು ಭ್ರಾಂತಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರುವುವೆಂದು ಇಟ್ಟುಕೊಂಡರೆ, ಸುಮಾರು ಹನ್ನೆರಡು ವರ್ಷಕ್ಕೆ ಖರ್ಚು ಇಮ್ಮಡಿಯಾಗುತ್ತದೆ: ಅರುವತ್ತರಲ್ಲಿ 25,000 ರೂಪಾಯಿಗೆ ಸಾಗುವ ಸಂಸಾರಕ್ಕೆ ಎಪ್ಪತ್ತೆರಡರಲ್ಲಿ 50,000, ಎಂಬತ್ನಾಲ್ಕರಲ್ಲಿ ಒಂದು ಲಕ್ಷ ಬೇಕು. ಪಾಸ್‌ಬುಕ್ಕಿನಲ್ಲಿ ಮೂವತ್ತು ಲಕ್ಷವೆಂದೇ ಬರೆದಿದ್ದರೂ ಆ ವೇಳೆಗೆ ಅದರ ಸತ್ತ್ವ ಇಂದಿನ ಏಳೂವರೆ ಲಕ್ಷಕ್ಕೆ ಇಳಿದಿರುತ್ತದೆ. ಮೇಷ್ಟ್ರ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಬಡ್ಡಿ ಏರುವುದಿಲ್ಲ, ನಿಜ. ಆದುದರಿಂದ ಮೊದಲ ವರ್ಷಗಳಲ್ಲಿ ಬಂದ ಬಡ್ಡಿಯಷ್ಟನ್ನೂ ತಿನ್ನದೆ, ಇಪ್ಪತ್ತು ಸಾವಿರ ಬಂದರೆ ಹದಿನಾಲ್ಕರಲ್ಲಿ ಸಂಸಾರ ಮಾಡಿ ಉಳಿದುದನ್ನು ಮರಳಿ ಗಂಟಿಗೆ ಸೇರಿಸಬೇಕು. ಹತ್ತು ವರ್ಷ ಕೈಯಿಡುವ ಪ್ರಸಂಗ ಬಾರದಷ್ಟು ಒಂದು ಚಿಕ್ಕ ಪಾಲನ್ನು ಷೇರುಗಳ ಮ್ಯೂಚುಯಲ್ ಫಂಡಿನಲ್ಲಿ ಬೆಳೆಯಬಿಡಬೇಕು. ಎಪ್ಪತ್ತೈದರ ಅನಂತರ ಅಸಲನ್ನೇ ವರ್ಷಕ್ಕಿಷ್ಟೆಂದು, ನಾಚಿಕೆಯಿಲ್ಲದೆ, ತಿನ್ನತೊಡಗಬೇಕು. ಕಳೆಯುವ ಲೆಕ್ಕವೆಂದರೆ ಇದೇ. ಹದಿನಾಲ್ಕರಲ್ಲಿ ಸಾಗದವರ ಪಾಡೇನು ಎಂದರೆ, ಅವರಿಗೆ ಲೆಕ್ಕ ಹೇಳಲು ನಾನು ಅಧಿಕಾರಿಯಲ್ಲ. ಅದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ.

ಈಗ ಒಂದು ಅಪ್ರಿಯವಾದ ಮಾತು. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದ ನಮ್ಮ ರಾಜ್ಯದ ಸರ್ಕಾರಿ ನೌಕರರು ಹಳೆಯ ಪಿಂಚಣಿಯನ್ನು ಕಳೆದುಕೊಂಡು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿಗೆ ಒಳಪಟ್ಟಿದ್ದಾರೆ. ಅವರ ಅಸಮಾಧಾನ ಎಲ್ಲರಿಗೂ ತಿಳಿದದ್ದು. ನಿವೃತ್ತಿಯಲ್ಲಿ ಸಂಚಿತ ಹಣದ ಶೇ 40ರಷ್ಟನ್ನಾದರೂ ಮಾಸಿಕ ವರ್ಷಾಶನಕ್ಕೆ ತೊಡಗಿಸಲೇಬೇಕೆಂಬ ನಿಯಮವನ್ನು ಅವರಲ್ಲಿ ಹಲವರು, "ನಮ್ಮ ಹಣವನ್ನು ನಮ್ಮ ಕೈಗೆ ಕೊಡದಿರಲು ಇವರಾರು?" ಎಂದು ಜರೆಯುತ್ತಾರೆ. ವರ್ಷಾಶನದ ಮೊತ್ತ ಸಾಮಾನ್ಯವಾಗಿ ಬೆಲೆಯೊಡನೆ ಏರುವುದಿಲ್ಲ, ಹಳೆಯ ಪಿಂಚಣಿಯಾದರೋ ತುಟ್ಟಿಭತ್ಯೆಯೊಡನೆ ಏರುತ್ತಿತ್ತು ಎಂಬ ದೂರು ಸರ್ವಥಾ ಸಾಧುವಾದದ್ದು. ಆದರೆ ಇಡಿಗಂಟು ಪೂರ್ತಿ ಬೇಕೆಂಬ ಹಟವನ್ನು ನಾನು ಒಪ್ಪಲಾರೆ. ಮನೆಯವರೆಲ್ಲ ಕೂಡಿ ಕೇಳಿದರೂ ಕೊಡಲಾಗದಂಥ ಹಣ ಮುದುಕನ ಬಳಿ ಸ್ವಲ್ಪವಾದರೂ ಇರಬೇಕು. "ಇಲ್ಲ" ಎನ್ನುವ ನಿಷ್ಠುರವನ್ನು ಅವನ ಬದಲಿಗೆ ನಿಯಮವೇ ಹೊತ್ತುಕೊಂಡರೆ ಅದು ಉಪಕಾರವೇ ಹೊರತು ಅಪಹಾರವಲ್ಲ.

ಅರ್ಧ ಪರ್ಸೆಂಟು ಹೆಚ್ಚು ಬಡ್ಡಿಯ ಆಸೆಗೆ ಬೀದಿಯ ತಿರುವಿನ ಸೌಹಾರ್ದ ಸಹಕಾರಿಯಲ್ಲಿ ಸರ್ವಸ್ವವನ್ನೂ ಇಡುವವರಿಗೆ ಒಂದೇ ಮಾತು: ಬ್ಯಾಂಕು ಮುಳುಗಿದರೆ 2020ರಿಂದ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ, ಸೌಹಾರ್ದಗಳಿಗೂ ಪತ್ತಿನ ಸಂಘಗಳಿಗೂ ಆ ವಿಮೆ ಇಲ್ಲ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಉದಾರಿಗಳಿಗೆ ಇನ್ನೊಂದು: ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯಿದೆಯ 23ನೆಯ ಪ್ರಕರಣದಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಮರಳಿ ಪಡೆಯಲು ಅವಕಾಶವಿದೆ. ಆ ಷರತ್ತನ್ನು ಪತ್ರದಲ್ಲಿ ಬರೆಸಲು ದಾಕ್ಷಿಣ್ಯಪಡಬಾರದು. ದಾಕ್ಷಿಣ್ಯ ಬಿಡಲಾರದವರು ಮನೆಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು ಉಯಿಲು ಬರೆಯಲಿ.

ಎಲ್ಲ ಮಕ್ಕಳೂ ಹಾಗಿರುವರೆಂದು ನಾನು ಹೇಳುತ್ತಿಲ್ಲ. ಹೋದ ವರ್ಷ ಮೇಷ್ಟ್ರು ತಮ್ಮ ಹೆಂಡತಿಯ ಪಾಸ್‌ಬುಕ್ಕನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, ಪ್ರತಿ ತಿಂಗಳ ಐದನೆಯ ತಾರೀಕು ಜಮೆಯಾಗಿದ್ದ 8,000 ರೂಪಾಯಿಯ ಸಾಲುಗಳನ್ನು ಬೆರಳಿಟ್ಟು ತೋರಿಸಿದರು. ಮಹಡಿಯ ಮೇಲಿನ ಮಗಳು, ಅಪ್ಪನಿಗೆ ಹೇಳದೆ, ಅಮ್ಮನ ಖಾತೆಗೆ ಬಾಡಿಗೆ ಕಟ್ಟುತ್ತಿದ್ದಳು. "ಬೇಡವೆನ್ನಲೇ?" ಎಂದು ಕೇಳಿದರು. ನೋಡಿಯೇ ಇಲ್ಲವೆಂಬಂತೆ ಪಾಸ್‌ಬುಕ್ಕನ್ನು ಅದರ ಜಾಗದಲ್ಲಿಟ್ಟುಬಿಡಿ ಎಂದೆ. ಮೇಷ್ಟ್ರು ಹಾಗೆಯೇ ಮಾಡಿದಂತೆ ಕಾಣುತ್ತದೆ. ಈಚೆಗೆ ಅವರ ಮನೆಗೆ ಬೆಳಗ್ಗೆ ಅರ್ಧ ಲೀಟರಿನ ಬದಲು ಒಂದು ಲೀಟರು ಹಾಲು ಬರುತ್ತಿದೆ.