ಹನ್ನೆರಡು ಕ್ಲಬ್‌ಗಳ ಒಂದು ವೇಳಾಪಟ್ಟಿ

ಭಾರತೀಯ ಫುಟ್‌ಬಾಲ್‌ಗೆ 2025 ನೆಮ್ಮದಿಯ ವರ್ಷವಾಗಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಇಂಡಿಯನ್ ಸೂಪರ್ ಲೀಗನ್ನು ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆಯ ನಡುವಣ ಒಪ್ಪಂದ ಆ ವರ್ಷದ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ನವೀಕರಣ ಖಚಿತವಾಗದ ಕಾರಣ ಜುಲೈನಲ್ಲಿ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿತು. ಲೀಗಿನ ವಾಣಿಜ್ಯ ಹಕ್ಕುಗಳಿಗಾಗಿ ಫೆಡರೇಷನ್ ಕರೆದ ಟೆಂಡರಿಗೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ, ಫೆಬ್ರುವರಿ 14ರಿಂದ ಲೀಗ್ ಆರಂಭವಾಗಲಿದೆ ಎಂದು ಕೇಂದ್ರ ಕ್ರೀಡಾ ಸಚಿವರೇ ಪ್ರಕಟಿಸಬೇಕಾಯಿತು.

ಈ ಬಿಕ್ಕಟ್ಟನ್ನು ಹಣದ ಅಭಾವವೆಂದು ವಿವರಿಸಿದವರೇ ಹೆಚ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿಯೂ ಆಡಳಿತದಲ್ಲಿ ಆಯುಷ್ಯದ ಬಹುಪಾಲನ್ನು ಕಳೆದವನಾಗಿಯೂ ನನಗೆ ಅದರ ಹಿಂದೆ ಇನ್ನೊಂದು ಅಭಾವ ಕಾಣುತ್ತದೆ. ಅದನ್ನು ಅರಿಯಬೇಕಾದರೆ ಫುಟ್‌ಬಾಲಿನಲ್ಲಿ ಲೀಗ್ ಎಂಬ ವ್ಯವಸ್ಥೆಯೇ ಜನ್ಮ ತಾಳಿದ ಇಂಗ್ಲೆಂಡಿನ 1888–89ರ ಋತುವಿನತ್ತ ನೋಡಬೇಕು.

ಆಟಗಾರರಿಗೆ ಸಂಬಳ ಕೊಡುವುದನ್ನು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1885ರಲ್ಲಿ ಕ್ರಮಬದ್ಧಗೊಳಿಸಿತು. ಅಂದಿನಿಂದ ಕ್ಲಬ್‌ಗಳ ಖರ್ಚು ನಿಶ್ಚಿತವಾಯಿತು. ಆದಾಯ ಮಾತ್ರ ಅನಿಶ್ಚಿತವಾಗಿಯೇ ಉಳಿಯಿತು. ಪ್ರತಿ ವಾರ ಸಂಬಳ ಎಣಿಸಲೇಬೇಕು. ಆದರೆ ಕಪ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಸೋತರೆ ಅಲ್ಲಿಗೆ ಗಳಿಕೆ ಮುಗಿಯಿತು. ಸ್ನೇಹಪರ ಪಂದ್ಯಕ್ಕೆ ಒಪ್ಪಿದ ಎದುರಾಳಿ, ಬೇರೆಡೆ ಹೆಚ್ಚು ಲಾಭದ ಪಂದ್ಯ ದೊರೆತರೆ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತಿದ್ದ. ಬಂದರೂ ಅರೆಬರೆ ತಂಡದೊಡನೆ ಬರುತ್ತಿದ್ದ. ಟಿಕೆಟ್ಟಿನ ಹಣ ತೆತ್ತ ಪ್ರೇಕ್ಷಕ ಇದನ್ನು ಎಷ್ಟು ದಿನ ಸಹಿಸಿಯಾನು?

ಇದಕ್ಕೆ ಪರಿಹಾರ ಸೂಚಿಸಿದವರು ಶ್ರೀಮಂತರೂ ಅಲ್ಲ, ಅಧಿಕಾರಸ್ಥರೂ ಅಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತ ಸಮಿತಿಯಲ್ಲಿದ್ದ ಸ್ಕಾಟ್ಲೆಂಡ್ ಮೂಲದ ವಿಲಿಯಂ ಮೆಕ್‌ಗ್ರೆಗರ್ 1888ರ ಮಾರ್ಚ್ 2ರಂದು ಕೆಲವು ಪ್ರಮುಖ ಕ್ಲಬ್‌ಗಳಿಗೆ ಪತ್ರ ಬರೆದರು. ಹತ್ತು ಹನ್ನೆರಡು ಕ್ಲಬ್‌ಗಳು ಒಂದಾಗಿ, ಪ್ರತಿಯೊಂದೂ ಉಳಿದೆಲ್ಲವುಗಳೊಡನೆ ತನ್ನ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವಂತೆ ಮೊದಲೇ ದಿನಾಂಕ ಗೊತ್ತುಪಡಿಸಿಕೊಳ್ಳೋಣ ಎಂಬುದಷ್ಟೇ ಅವರ ಸಲಹೆ. ಅದೇ ತಿಂಗಳು ಲಂಡನ್ನಿನಲ್ಲೂ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನಲ್ಲೂ ಸಭೆ ಸೇರಿ ಇದಕ್ಕೆ ರೂಪ ಕೊಡಲಾಯಿತು. ಬಿಡುವಿದ್ದ ದಿನಾಂಕಗಳು 22 ಮಾತ್ರ. ಆದ್ದರಿಂದ ಕ್ಲಬ್‌ಗಳು 12ಕ್ಕೆ ಸೀಮಿತವಾದವು.

ಆ ಹನ್ನೆರಡರಲ್ಲಿ ಆರು ಲ್ಯಾಂಕಶೈರ್ ಪ್ರಾಂತ್ಯದವು, ಆರು ಮಿಡ್‌ಲ್ಯಾಂಡ್ಸ್ ಪ್ರದೇಶದವು. ಲಂಡನ್ನಿನದು ಒಂದೂ ಇರಲಿಲ್ಲ. ಇಂದು ನಾವು ರಾಷ್ಟ್ರೀಯ ಲೀಗುಗಳ ಮೂಲಪುರುಷನೆಂದು ಕರೆಯುವ ಸಂಸ್ಥೆ ವಾಸ್ತವದಲ್ಲಿ ಪ್ರಾದೇಶಿಕ ಲೀಗ್ ಆಗಿತ್ತು. ಹತ್ತಿಗಿರಣಿ, ಕಬ್ಬಿಣದ ಕುಲುಮೆ, ಕುಂಬಾರಿಕೆಯ ಕಾರ್ಖಾನೆಗಳ ಪಟ್ಟಣಗಳನ್ನು ರೈಲುಮಾರ್ಗ ಬೆಸೆದಿತ್ತು. 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳ ಶನಿವಾರದ ಕೆಲಸವನ್ನು ಮಧ್ಯಾಹ್ನ ಎರಡಕ್ಕೆ ಮುಗಿಸಿ, ಕಾರ್ಮಿಕನಿಗೆ ಅರ್ಧ ದಿನದ ಬಿಡುವು ದೊರಕಿಸಿತ್ತು. ಲೀಗ್ ಆ ಬಿಡುವಿನ ಮೇಲೆಯೇ ನಿಂತಿತು. ಪ್ರೇಕ್ಷಕನ ಸಮಯಕ್ಕೆ ಆಟ ಹೊಂದಿಕೊಂಡಿತೇ ಹೊರತು ಆಟದ ಸಮಯಕ್ಕೆ ಪ್ರೇಕ್ಷಕ ಹೊಂದಿಕೊಳ್ಳಬೇಕಾಗಿರಲಿಲ್ಲ.

1888ರ ಸೆಪ್ಟೆಂಬರ್ 8ರಂದು ಐದು ಪಂದ್ಯಗಳೊಡನೆ ಲೀಗ್ ಆರಂಭವಾದಾಗ ಅಂಕಗಳನ್ನು ಹೇಗೆ ಎಣಿಸಬೇಕೆಂಬುದೇ ತೀರ್ಮಾನವಾಗಿರಲಿಲ್ಲ! ಗೆಲುವಿಗೆ ಎರಡು, ಸಮಬಲಕ್ಕೆ ಒಂದು ಎಂಬ ಸೂತ್ರ ಅಂತಿಮಗೊಂಡದ್ದು ನವೆಂಬರ್‌ನಲ್ಲಿ. ಆದರೆ ಎರಡು ನಿಯಮಗಳಲ್ಲಿ ಮೊದಲಿನಿಂದಲೂ ಸಡಿಲಿಕೆ ಇರಲಿಲ್ಲ: ಗೊತ್ತಾದ ಪಂದ್ಯವನ್ನು ಆಡಲೇಬೇಕು, ಪೂರ್ಣ ಸಾಮರ್ಥ್ಯದ ತಂಡವನ್ನೇ ಇಳಿಸಬೇಕು. ಟಿಕೆಟ್ ಗಳಿಕೆ ಆತಿಥೇಯ ಕ್ಲಬ್ಬಿಗೆ, ಅದರಿಂದ ಒಂದು ಗೊತ್ತಾದ ಮೊತ್ತ ಅತಿಥಿ ತಂಡಕ್ಕೆ. ಈ ಆದ್ಯತೆಯ ಕ್ರಮವನ್ನು ನಮ್ಮ ಸಂಘಟಕರು ಗಮನಿಸಬೇಕು. ಉಳಿದುದನ್ನು ನಡೆಯುತ್ತಾ ತಿದ್ದಿಕೊಳ್ಳಬಹುದು, ಕೊಟ್ಟ ಮಾತು ಮಾತ್ರ ಮೊದಲೇ ಗಟ್ಟಿಯಾಗಿರಬೇಕು.

ಆ ಋತುವಿನ ನಾಯಕ ಪ್ರೆಸ್ಟನ್ ನಾರ್ತ್ ಎಂಡ್. 22 ಪಂದ್ಯಗಳಲ್ಲಿ 18 ಗೆಲುವು, 4 ಸಮಬಲ, ಸೋಲೇ ಇಲ್ಲ. ಎರಡನೇ ಸ್ಥಾನದ ಆಸ್ಟನ್ ವಿಲ್ಲಾ 29 ಅಂಕ ಪಡೆದರೆ ಪ್ರೆಸ್ಟನ್ನಿಗೆ 40. ಅದೇ ವರ್ಷ ಒಂದೂ ಗೋಲು ಬಿಟ್ಟುಕೊಡದೆ ಎಫ್‌ಎ ಕಪ್ಪನ್ನೂ ಅದು ಗೆದ್ದಿತು. ಈ ವೈಭವದ ಹಿಂದೆ ಇದ್ದವರು ಹತ್ತಿಗಿರಣಿಯ ವ್ಯವಸ್ಥಾಪಕ ವಿಲಿಯಂ ಸಡೆಲ್. ಸ್ಕಾಟ್ಲೆಂಡಿನಿಂದ ಉತ್ತಮ ಆಟಗಾರರನ್ನು ಕರೆತಂದು ತಂಡ ಕಟ್ಟಿದವರು ಅವರೇ. 1895ರಲ್ಲಿ ಗಿರಣಿಯ ಹಣ ದುರುಪಯೋಗ ಮಾಡಿಕೊಂಡ ಅಪರಾಧಕ್ಕೆ ನ್ಯಾಯಾಲಯ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಆ ಹಣ ಕ್ಲಬ್ಬಿಗೂ ಹರಿದಿತ್ತು. ಪ್ರೆಸ್ಟನ್ 1890ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆಯಿತು. ಆಮೇಲೆ ಇಂದಿಗೂ ಆ ಪಟ್ಟ ಅದರ ಪಾಲಿಗೆ ಮರಳಿಲ್ಲ. ಒಬ್ಬ ಪೋಷಕನ ಜೇಬನ್ನು ನಂಬಿದ ಶ್ರೇಷ್ಠತೆಗೆ ಆ ಜೇಬಿನಷ್ಟೇ ಆಯುಷ್ಯ. ಲೀಗ್ ಯಾರೊಬ್ಬರ ಜೇಬನ್ನೂ ನಂಬಿರಲಿಲ್ಲ. ಆದ್ದರಿಂದಲೇ ಸಡೆಲ್ ಜೈಲಿಗೆ ಹೋದರೂ ಶನಿವಾರದ ಪಂದ್ಯಗಳು ನಿಲ್ಲಲಿಲ್ಲ. ಸ್ಥಾಪಕ ಕ್ಲಬ್‌ಗಳಲ್ಲಿ ಆಕ್ರಿಂಗ್ಟನ್ ಒಂದು ಮಾತ್ರ ಅಳಿಯಿತು. ಉಳಿದ ಹನ್ನೊಂದು 135 ವರ್ಷಗಳು ಕಳೆದ ಮೇಲೂ ಆಡುತ್ತಿವೆ.

ಆ ವ್ಯವಸ್ಥೆ ದೋಷರಹಿತವಾಗಿತ್ತೆಂದು ನನ್ನ ವಾದವಲ್ಲ. ಅದು ಆಹ್ವಾನಿತರ ಕೂಟ. ಕೊನೆಯ ನಾಲ್ಕು ಸ್ಥಾನದವರು ಮರುಆಯ್ಕೆಗೆ ಅರ್ಜಿ ಹಾಕಬೇಕು, ಮತ ಹಾಕುವವರು ಜೊತೆಗಾರರೇ. ಮೊದಲ ವರ್ಷ ನಾಲ್ವರನ್ನೂ ಮರಳಿ ಸೇರಿಸಿಕೊಳ್ಳಲಾಯಿತು. ಹೊರಗುಳಿದವರು 1889ರಲ್ಲಿ ತಮ್ಮದೇ ಫುಟ್‌ಬಾಲ್ ಅಲಯನ್ಸ್ ಸ್ಥಾಪಿಸಿದ ಮೇಲೆ, 1892ರಲ್ಲಿ ಅದನ್ನು ವಿಲೀನಗೊಳಿಸಿ ಎರಡನೇ ಡಿವಿಷನ್ ರಚಿಸಬೇಕಾಯಿತು. ಬಡ್ತಿ–ಹಿಂಬಡ್ತಿ ತಾನಾಗಿ ಜಾರಿಯಾಗುವ ನಿಯಮ ಬಂದದ್ದು 1898ರಲ್ಲಿ. ಬಾಗಿಲು ತೆರೆಯಲು ಹತ್ತು ವರ್ಷ ಹಿಡಿಯಿತು, ಆದರೂ ತೆರೆಯಿತು.

ನಮ್ಮಲ್ಲಿ ಆದದ್ದು ತಿರುವುಮುರುವು. 2014ರಲ್ಲಿ ಆರಂಭವಾದ ಸೂಪರ್ ಲೀಗ್ ಮೊದಲು ಶಿಖರವನ್ನು ಕಟ್ಟಿತು. ಪಂಜಾಬಿನಿಂದ ಕೇರಳದವರೆಗೆ, ಗೋವಾದಿಂದ ಅಸ್ಸಾಮಿನವರೆಗೆ ಹರಡಿದ ಸ್ಪರ್ಧೆಯ ಖರ್ಚನ್ನು ಟಿಕೆಟ್ ಹಣದಿಂದಲೇ ತೂಗಿಸುವುದು ಸಾಧ್ಯವಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕಾಗಿಯೇ ತಳಪಾಯ ರಾಜ್ಯ ಮತ್ತು ನಗರ ಲೀಗುಗಳಲ್ಲಿರಬೇಕೆನ್ನುವುದು. ಮೇಲಿನ ಒಪ್ಪಂದ ಮುರಿದರೂ ಆಟಗಾರನಿಗೆ ಮುಂದಿನ ಶನಿವಾರ ಪಂದ್ಯವೂ ತಿಂಗಳ ಕೊನೆಗೆ ಸಂಬಳವೂ ಇರುವಂತಹ ಎರಡನೇ ನೆಲೆ ನಮಗೆ ಬೇಕು.

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಅನುದಾನದ ಅಗತ್ಯವಿಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳ ಪೂರ್ಣ ವೇಳಾಪಟ್ಟಿಯನ್ನು ಋತುವಿಗೆ ಮೂರು ತಿಂಗಳು ಮುನ್ನ ಪ್ರಕಟಿಸಿ, ಅದಕ್ಕೆ ಅಂಟಿಕೊಳ್ಳಬೇಕು. ದುಡಿಯುವವರು ಮೈದಾನಕ್ಕೆ ಬರಬಹುದಾದ ಸಂಜೆ ಮತ್ತು ರಜಾದಿನಗಳಲ್ಲಿ ಆಡಿಸಬೇಕು. ಸರ್ಕಾರ ತನ್ನ ಒಡೆತನದ ಮೈದಾನಗಳಲ್ಲಿ ಈ ದಿನಾಂಕಗಳನ್ನು ಮುಂಚಿತವಾಗಿ ಕಾಯ್ದಿರಿಸಿ ಲಿಖಿತ ಆದೇಶ ಹೊರಡಿಸಬೇಕು. ಅಥ್ಲೀಟುಗಳ ಅಭ್ಯಾಸದ ವೇಳೆಯನ್ನೂ ಅದೇ ಆದೇಶದಲ್ಲಿ ನಮೂದಿಸಿದರೆ ಜಗಳಕ್ಕೆ ಆಸ್ಪದವಿರದು. ಪಂದ್ಯ ತಪ್ಪಿಸಿದ ಕ್ಲಬ್ಬಿಗೆ ದಂಡ, ದಿನಾಂಕ ಬದಲಿಸಿದ ಸಂಘಟಕರಿಗೆ ಲಿಖಿತ ವಿವರಣೆಯ ಹೊಣೆ ಇರಬೇಕು.

ಕಡತಗಳ ನಡುವೆ ಬಾಳಿದವನಿಗೆ ಒಂದು ಸತ್ಯ ಮನದಟ್ಟಾಗುತ್ತದೆ: ಜನ ಒಂದು ಸಂಸ್ಥೆಯನ್ನು ನಂಬುವುದು ಅದರ ಘೋಷಣೆಗಳಿಂದಲ್ಲ, ಹೇಳಿದ ದಿನ ಹೇಳಿದ ಕೆಲಸ ನಡೆಯುವುದರಿಂದ. ಬರ್ಮಿಂಗ್‌ಹ್ಯಾಮಿನ ಬಟ್ಟೆ ವ್ಯಾಪಾರಿಗೆ ಇದು ಅಂಗಡಿಯ ಅನುಭವದಿಂದಲೇ ತಿಳಿದಿದ್ದಿರಬೇಕು. ಬಾಗಿಲು ಯಾವಾಗ ತೆರೆದೀತೆಂದು ಗೊತ್ತಿಲ್ಲದ ಅಂಗಡಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ.