ಕ್ಲೌಡ್‌ಗೆ ಹಾಕಿದರೆ ಮುಗಿಯಿತೇ?

ಕಾರವಾರ, ಅಂಕೋಲಾದ ವ್ಯಾಪಾರಿಗಳು ಲೆಕ್ಕಪತ್ರವನ್ನೆಲ್ಲ ಕ್ಲೌಡ್‌ಗೆ ಹಾಕಿಬಿಟ್ಟರೆ ಮಳೆಗಾಲದ ಚಿಂತೆಯೇ ಇಲ್ಲವೆಂಬ ಲೇಖನ ಓದಿದೆ. ಬರೆದವರು ಆಷಾಢದಲ್ಲಿ ಇಲ್ಲೊಂದು ಅಂಗಡಿ ನಡೆಸಿ ನೋಡಲಿ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿಯ ಮೇಲೆ, ಕಾಳಿ ನದಿಯ ಹಳೆಯ ಸೇತುವೆಯೇ ಬಿತ್ತು. ಇಂಥ ದಿನ ಮುಂಬೈಯ ಡೇಟಾ ಸೆಂಟರ್‌ನಲ್ಲಿ ನಿಮ್ಮ ಕಡತ ಭದ್ರವಾಗಿರುತ್ತದೆ, ಒಪ್ಪಿದೆ. ಆದರೆ ಇಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಪಾಸ್‌ವರ್ಡ್ ಗೊತ್ತಿರುವ ಒಬ್ಬನೇ ಹುಡುಗ ನದಿಯ ಆಚೆ! ಕಡತ ಉಳಿಯುವುದು ಬೇರೆ, ವ್ಯವಹಾರ ಮತ್ತೆ ಶುರುವಾಗುವುದು ಬೇರೆ.

ಲೇಖನ ಕೇಳದೇ ಬಿಟ್ಟ ಪ್ರಶ್ನೆಗಳು ಎರಡು. ಎಷ್ಟು ಹೊತ್ತು ಅಂಗಡಿ ನಿಂತರೆ ತಾಳಬಲ್ಲಿರಿ? ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ನಡೆಯುತ್ತದೆ? ಮೀನು ವ್ಯಾಪಾರಿಯ ಉತ್ತರ ಬೇರೆ, ಸಹಕಾರಿ ಸಂಘದ ಉತ್ತರ ಬೇರೆ. ಖರ್ಚು ನಿಗದಿಯಾಗುವುದೂ ಅದರ ಮೇಲೆಯೇ. ಇನ್ನು ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರೇ ಸುಟ್ಟಾಗ, ಬೇರೆಡೆ ಪ್ರತಿ ಇಡದ ಎಷ್ಟೋ ಗ್ರಾಹಕರು ಮಾಹಿತಿ ಕಳೆದುಕೊಂಡರು.

ಕ್ಲೌಡ್ ಬೇಡವೆನ್ನುತ್ತಿಲ್ಲ. ಜೊತೆಗೆ ಘಟ್ಟದ ಮೇಲೆ, ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ, ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ. ನೆಟ್ಟಿಲ್ಲದ ದಿನಕ್ಕೆ ಬಿಲ್ ಪುಸ್ತಕವೂ ಇರಲಿ. ಮೇ ತಿಂಗಳಲ್ಲೇ ಒಂದು ಭಾನುವಾರ ಬೇರೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮರಳಿ ತೆರೆದು ನೋಡಿ. ತೆರೆಯದಿದ್ದರೆ ಸರಿಪಡಿಸಲು ಆಗಿನ್ನೂ ಸಮಯವಿರುತ್ತದೆ.