ಹಳೆಯ ಖಾತೆ ಪುಸ್ತಕಗಳ ಬೆಲೆ

ಹಳೆಯ ಅಂಗಡಿಯ ಅಟ್ಟವನ್ನು ಖಾಲಿಮಾಡುವಾಗ ಮೊದಲು ಹೊರಬೀಳುವುವು ಖಾತೆ ಪುಸ್ತಕಗಳು, ಹುಂಡಿಗಳು, ರಸೀತಿಗಳು. ರದ್ದಿಯವನು ಅವನ್ನು ತೂಕಕ್ಕೆ ಕೊಳ್ಳುತ್ತಾನೆ. ಅವುಗಳಿಗೆ ಬೇರೊಂದು ಬೆಲೆಯುಂಟೆಂದು ಬಲ್ಲವರು ಸಂಗ್ರಾಹಕರು. ಮೈಸೂರು ಸಂಸ್ಥಾನದ ಗಂಡಭೇರುಂಡ ಮುದ್ರೆಯ ಛಾಪಾ ಕಾಗದ, ಹಳೆಯ ರೆವಿನ್ಯೂ ಸ್ಟಾಂಪು, ನಿಂತುಹೋದ ಕಂಪನಿಗಳ ಷೇರುಪತ್ರ ಇವಕ್ಕೆ ಹಣ ಕೊಡುವವರಿದ್ದಾರೆ. ಸಂತೋಷವೇ. ಆದರೆ ಸ್ಟಾಂಪನ್ನು ಕತ್ತರಿಸಿಕೊಂಡು ಪತ್ರವನ್ನು ಬಿಸಾಡುವವರೂ ಉಂಟು. ಇದು ಕಾಯಿಯ ಚಿಪ್ಪನ್ನಿಟ್ಟುಕೊಂಡು ತಿರುಳನ್ನೆಸೆದಂತೆ.

ವ್ಯಾಪಾರದ ಕಾಗದ ಏನನ್ನು ಹೇಳಬಲ್ಲುದೆಂಬುದಕ್ಕೆ ಮಂಗಳೂರಿನದೇ ನಿದರ್ಶನವಿದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಅಲ್ಲಿ ಹಲವು ವರ್ಷ ನೆಲಸಿ, ಮೆಣಸು, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಆತನ ಪತ್ರಗಳೂ ಲೆಕ್ಕದ ಚೀಟಿಗಳೂ ಕೈರೋ ನಗರದ ಯೆಹೂದಿ ಮಂದಿರವೊಂದರ ಕೋಣೆಯಲ್ಲಿ ಬಿದ್ದಿದ್ದುವು. ದೇವರ ಹೆಸರಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ನಂಬಿಕೆಯೇ ಅವನ್ನು ಉಳಿಸಿತು. 1896-97ರಲ್ಲಿ ಸಾಲೊಮನ್ ಷೆಕ್ಟರ್ ಅವರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ವರ್ತಕನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಒಬ್ಬ ಗುಲಾಮನ ಪ್ರಸ್ತಾಪ ಆ ಪತ್ರಗಳಲ್ಲಿದೆ. ಆತನ ಹೆಸರು ಬೊಮ್ಮ ಎಂದಿರಬೇಕೆಂದು ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ‘ಇನ್ ಆನ್ ಆ್ಯಂಟೀಕ್ ಲ್ಯಾಂಡ್’ ಗ್ರಂಥದಲ್ಲಿ ತರ್ಕಿಸಿದ್ದಾರೆ. ಶಾಸನಗಳಲ್ಲಿ ಅಂಥವನಿಗೆ ಎಡೆಯೆಲ್ಲಿ? ವೀರಗಲ್ಲಿನಲ್ಲಿ ಮೂಡಬೇಕಾದರೂ ಮೊದಲು ಹೋರಾಡಿ ಸಾಯಬೇಕಷ್ಟೆ!

ನನ್ನ ಆಸ್ಥೆಗೆ ಸ್ವಂತ ಕಾರಣವೂ ಇದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮಗೆ ವಂಶಾವಳಿಯಿಲ್ಲ, ದಿನಚರಿಯಿಲ್ಲ. ಮುತ್ತಜ್ಜನ ಹೆಸರು ಬರೆಹದಲ್ಲಿ ಉಳಿದಿದ್ದರೆ ಅದು ಯಾವನೋ ಸಾಹುಕಾರನ ಖಾತೆಯಲ್ಲಿಯೇ: ಇಷ್ಟು ಪಲ್ಲ ರಾಗಿ, ಇಷ್ಟು ಬಡ್ಡಿ, ಕೆಳಗೆ ಹೆಬ್ಬೆಟ್ಟಿನ ಗುರುತು. ಸಾಲದ ಪುಟವೇ ಆಗಲಿ, ಅದು ಸಾಹುಕಾರನದಷ್ಟೇ ಅಲ್ಲ, ನಮ್ಮದೂ ಹೌದು. ಅದು ಕಡಲೆಕಾಯಿಯ ಪೊಟ್ಟಣವಾಗಿ ಹೋದರೆ ನಮ್ಮಂಥವರ ಚರಿತ್ರೆಗೆ ಬೇರೆ ಪ್ರತಿಯಿಲ್ಲ.

ಹಳೆಯ ಲೇವಾದೇವಿಯನ್ನು ಕೆದಕಿದಂತಾಗುವುದೆಂದು ಅಳುಕುವ ವರ್ತಕರಿರಬಹುದು. ಅವರಿಗೆ ತಿಳಿಯಹೇಳಿ, ಪುಸ್ತಕವನ್ನು ಇಡಿಯಾಗಿ ಪಡೆದು, ಯಾವ ಊರಿನ ಯಾವ ಅಂಗಡಿಯದೆಂದು ಗುರುತು ಹಾಕಿ, ನಮ್ಮ ಚರಿತ್ರೆಯ ವಿಭಾಗದಲ್ಲಿ ಒಂದು ಬೀರುವಿನಲ್ಲಿಟ್ಟರೆ ಆರಂಭಕ್ಕೆ ಸಾಕು. ಉತ್ತರದ ಜಿಲ್ಲೆಗಳ ಹಳೆಯ ಲೆಕ್ಕಗಳೆಷ್ಟೋ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲ ಹಿರಿಯರು ವಿರಳರಾಗುತ್ತಿದ್ದಾರೆ. ಆ ಕಡೆಯ ಸಹಪಾಠಿಗಳಲ್ಲಿ ಒಬ್ಬಿಬ್ಬರಾದರೂ ಈ ಬೇಸಗೆಯ ರಜೆಯಲ್ಲಿ ಅಂಥವರನ್ನು ಹುಡುಕಿ ಕಲಿತು ಬರಲಿ.